3, 6, 9: ಮೂರು ಊರ ಹೆಸರಿಗೆ ಎಷ್ಟು ಬೈಟು?

ಗದಗ ಜಿಲ್ಲೆಯ ಉತ್ತರ ಭಾಗದ ಮೂರು ತಾಲ್ಲೂಕು ಕೇಂದ್ರಗಳ ಹೆಸರನ್ನು ಯುನಿಕೋಡಿನ ಕಣ್ಣಿನಿಂದ ಎಣಿಸಿದರೆ ಒಂದು ಚೆಂದದ ಸಾಲು ಸಿಗುತ್ತದೆ. ರೋಣಕ್ಕೆ 3 ಕೋಡ್‌ಪಾಯಿಂಟ್ (ಯುನಿಕೋಡ್ ಒಂದೊಂದು ಚಿಹ್ನೆಗೆ ಕೊಡುವ ಸಂಖ್ಯೆ), ನರಗುಂದಕ್ಕೆ 6, ಗಜೇಂದ್ರಗಡಕ್ಕೆ 9. ಒಟ್ಟು 18. ನಾವು ಬಾಯಲ್ಲಿ ಬಿಡಿಸಿ ಹೇಳುವ ಅಕ್ಷರಗಳಾದರೋ 2, 4, 5, ಅಂದರೆ ಬರೀ 11. ಒತ್ತಿನ ವ್ಯಂಜನ, ಸ್ವರಚಿಹ್ನೆ, ಸೊನ್ನೆ, ವಿರಾಮ ಎಲ್ಲವೂ ಯುನಿಕೋಡಿನಲ್ಲಿ ಬೇರೆಬೇರೆ ಸಂಖ್ಯೆಗಳಾದ್ದರಿಂದ ಈ ವ್ಯತ್ಯಾಸ. 'ಗಜೇಂದ್ರಗಡ'ದ 'ದ್ರ' ಒಂದಕ್ಕೇ ದ, ವಿರಾಮ, ರ ಎಂದು 3 ಬೇಕು.

ಸಿ ಭಾಷೆಯಲ್ಲಿ ಬರೆದ ಪ್ರೋಗ್ರಾಮಿನೊಳಗೆ ಈ ಹೆಸರುಗಳು ಎರಡು ವೇಷದಲ್ಲಿ ಓಡಾಡುತ್ತವೆ. ಒಂದು ವೈಡ್ ಕ್ಯಾರೆಕ್ಟರ್ ಸ್ಟ್ರಿಂಗ್: ಕನ್ನಡದ ಯಾವ ಚಿಹ್ನೆಯೇ ಇರಲಿ, ಪ್ರತಿಯೊಂದಕ್ಕೂ ಒಂದೇ ಅಳತೆಯ ಜಾಗ. ಆ ಅಳತೆ ಲಿನಕ್ಸ್‌ನಲ್ಲಿ 4 ಬೈಟು, ವಿಂಡೋಸ್‌ನಲ್ಲಿ 2. ಇನ್ನೊಂದು ಮಲ್ಟಿಬೈಟ್ ಸ್ಟ್ರಿಂಗ್: ಇಲ್ಲಿ ಚಿಹ್ನೆಗೆ ತಕ್ಕ ಹಾಗೆ ಬೈಟು. ಇಂದು ಮಲ್ಟಿಬೈಟ್ ಎಂದರೆ ಬಹುಪಾಲು ಯುಟಿಎಫ್-8. ಅದರಲ್ಲಿ ಇಂಗ್ಲಿಷ್ ಅಕ್ಷರಕ್ಕೆ 1 ಬೈಟು, ಕನ್ನಡದ ಯಾವುದೇ ಚಿಹ್ನೆಗೆ 3. ಕಡತಕ್ಕೆ ಬರೆಯುವಾಗ, ಜಾಲದಲ್ಲಿ ಕಳಿಸುವಾಗ, ಡೇಟಾಬೇಸಿಗೆ ಇಳಿಸುವಾಗ ಮೊದಲನೆಯದನ್ನು ಎರಡನೆಯದಕ್ಕೆ ಬದಲಿಸಬೇಕು. ಆ ಕೆಲಸಕ್ಕಿರುವ ಫಂಕ್ಷನ್ ಡಬ್ಲ್ಯುಸಿಎಸ್‌ಟುಎಂಬಿಎಸ್. ಅದು 1989ರ ಸಿ ಮಾನಕದಲ್ಲೇ ಇತ್ತು. ಕನ್ನಡದ ಕೋಷ್ಟಕವನ್ನು ಒಳಗೊಂಡ ಯುನಿಕೋಡಿನ ಮೊದಲ ಆವೃತ್ತಿ ಬಂದದ್ದು 1991ರಲ್ಲಿ, ಕೆನ್ ಥಾಂಪ್ಸನ್ ಮತ್ತು ರಾಬ್ ಪೈಕ್ ಯುಟಿಎಫ್-8 ರೂಪಿಸಿದ್ದು 1992ರಲ್ಲಿ. ಫಂಕ್ಷನ್ ಇವೆರಡಕ್ಕಿಂತಲೂ ಹಿರಿಯದು. ಎಷ್ಟು ಬೈಟು ಬೇಕಾದೀತು ಎಂಬುದನ್ನು ಅದು ಬರೆಯುವವರ ಹೊಣೆಗೆ ಬಿಟ್ಟಿದೆ.

ಮೂರು ಹೆಸರುಗಳ ಲೆಕ್ಕ ಹೀಗಿದೆ. ಕೊನೆಯಲ್ಲಿ ಬರುವ ಶೂನ್ಯ ಬೈಟನ್ನು ಇದರಲ್ಲಿ ಸೇರಿಸಿಲ್ಲ.

ರೋಣ: ಇಸ್ಕಿ 3, ವಿಂಡೋಸ್ ವೈಡ್ 6, ಯುಟಿಎಫ್-8 9, ಲಿನಕ್ಸ್ ವೈಡ್ 12
ನರಗುಂದ: 6, 12, 18, 24
ಗಜೇಂದ್ರಗಡ: 9, 18, 27, 36
ಒಟ್ಟು: 18, 36, 54, 72

ಇಸ್ಕಿ ಎಂದರೆ 1991ರ ಭಾರತೀಯ ಮಾನಕ, ಐಎಸ್ 13194. ಚಿಹ್ನೆಗೆ 1 ಬೈಟು. ಒಟ್ಟು ಸಾಲಿನಲ್ಲಿ ಮೊದಲು ಕಾಣಬೇಕಾದದ್ದು ಇದು: ವೈಡ್‌ನಿಂದ ಯುಟಿಎಫ್-8ಕ್ಕೆ ಹೋಗುವ ಒಂದೇ ಬದಲಾವಣೆ ಲಿನಕ್ಸ್‌ನಲ್ಲಿ ಗಾತ್ರವನ್ನು 72ರಿಂದ 54ಕ್ಕೆ ಇಳಿಸುತ್ತದೆ, ಶೇ 25 ಉಳಿತಾಯ. ವಿಂಡೋಸ್‌ನಲ್ಲಿ ಅದೇ ಬದಲಾವಣೆ 36ರಿಂದ 54ಕ್ಕೆ ಏರಿಸುತ್ತದೆ, ಶೇ 50 ಹೆಚ್ಚಳ. ಲಿನಕ್ಸ್‌ನಲ್ಲಿ ಕುಳಿತು "ವೈಡ್ ಗಾತ್ರದಷ್ಟೇ ಬಫರ್, ಅಂದರೆ ಬರೆಯುವ ಜಾಗ, ಕೊಟ್ಟರೆ ಧಾರಾಳ" ಎಂದುಕೊಂಡವರ ಕೋಡು ವಿಂಡೋಸ್‌ಗೆ ಹೋದ ದಿನವೇ ಕೆಡುತ್ತದೆ. ಗಜೇಂದ್ರಗಡಕ್ಕೆ ಅಲ್ಲಿ 18 ಬೈಟಿನ ಬಫರ್ ಸಿಗುತ್ತದೆ, ಬೇಕಾದದ್ದು 27, ಶೂನ್ಯ ಸೇರಿ 28.

ಕನ್ನಡಕ್ಕೆ 3 ಬೈಟು ದುಬಾರಿಯೇ? ನಿಜ, ದುಬಾರಿ. ರೋಣವನ್ನು ಬೈಟುಗಳಾಗಿ ಬಿಡಿಸಿದರೆ ಬರುವ ಸಂಖ್ಯೆಗಳು 224, 178, 176. 224, 179, 139. 224, 178, 163. ಮೂರೂ ಚಿಹ್ನೆಗಳ ಮೊದಲ ಬೈಟು 224. ಕನ್ನಡದ ಎಲ್ಲ ಚಿಹ್ನೆಗಳದ್ದೂ ಅಷ್ಟೆ. ಎರಡನೆಯ ಬೈಟು 178 ಅಥವಾ 179, ಬೇರೆ ಆಗುವುದಿಲ್ಲ. ಕನ್ನಡಕ್ಕೆ ಯುನಿಕೋಡ್ ಕೊಟ್ಟಿರುವುದು 128 ಸ್ಥಾನ, ಅವನ್ನು ಗುರುತಿಸಲು 7 ಬಿಟ್ ಸಾಕು. ನಾವು ಬಳಸುತ್ತಿರುವುದು 24 ಬಿಟ್. ಆದರೂ ಈ ದುಬಾರಿಯ ಬಗ್ಗೆ ನನಗೆ ಚಿಂತೆಯಿಲ್ಲ, ಯಾಕೆಂದರೆ ಡಿಸ್ಕಿನ ಜಾಗ ಅಗ್ಗವಾಗಿದೆ. ಭೂಮಿ ಯೋಜನೆಯ ಆರಂಭದ ವರ್ಷಗಳಲ್ಲಿ ಗಣಕಕ್ಕೇರಿದ ಪಹಣಿಗಳು ಸುಮಾರು 2 ಕೋಟಿ. ಪ್ರತಿಯೊಂದರಲ್ಲೂ ತಾಲ್ಲೂಕಿನ ಹೆಸರು ಒಮ್ಮೆ ಬರುತ್ತದೆ, ಅದರ ಗಾತ್ರ ನಮ್ಮ ಮೂರು ಊರುಗಳ ಸರಾಸರಿಯಾದ 18 ಬೈಟು ಎಂದು ಇಟ್ಟುಕೊಂಡರೂ ಒಟ್ಟು 36 ಕೋಟಿ ಬೈಟು, 360 ಮೆಗಾಬೈಟ್. ಇಸ್ಕಿಯಲ್ಲಾದರೆ 120. ಉಳಿಯುವ 240 ಮೆಗಾಬೈಟ್ ಇಂದು ಕಿಸೆಯಲ್ಲಿರುವ ಫೋನಿಗೂ ಲೆಕ್ಕಕ್ಕಿಲ್ಲ. ದುಬಾರಿ ಬೀಳುವುದು ತಪ್ಪಾದ ಅಂದಾಜು, ಅದು ಹೆಸರನ್ನೇ ಕತ್ತರಿಸುತ್ತದೆ.

ಗಜೇಂದ್ರಗಡ ರೋಣದಿಂದ ಬೇರ್ಪಟ್ಟು ಹೊಸ ತಾಲ್ಲೂಕಾದದ್ದನ್ನೇ ನೋಡಿ. ಆ ಕಡೆ ಸೇರಿದ ಹಳ್ಳಿಗಳ ದಾಖಲೆಯಲ್ಲಿ ತಾಲ್ಲೂಕಿನ ಕಾಲಮ್ಮು 9 ಬೈಟಿನಿಂದ 27ಕ್ಕೆ ಏರುತ್ತದೆ. ಒಂದು ಲಕ್ಷ ದಾಖಲೆಗೆ ಹೆಚ್ಚುವರಿ 18 ಲಕ್ಷ ಬೈಟು, 2 ಮೆಗಾಬೈಟೂ ಆಗದು. ಅದೇ ಕಾಲಮ್ಮನ್ನು ರೋಣ, ನರಗುಂದ ಎರಡನ್ನೇ ಮುಂದಿಟ್ಟುಕೊಂಡು 20 ಬೈಟಿಗೆ ಕಟ್ಟಿದ್ದರೆ? ನರಗುಂದ ಶೂನ್ಯ ಸೇರಿ 19, ಹಿಡಿಸುತ್ತದೆ. ಗಜೇಂದ್ರಗಡ ಹಿಡಿಸುವುದಿಲ್ಲ. ಡಬ್ಲ್ಯುಸಿಎಸ್‌ಟುಎಂಬಿಎಸ್‌ಗೆ 20 ಎಂದು ಮಿತಿ ಕೊಟ್ಟರೆ ಅದು ಅರ್ಧ ಚಿಹ್ನೆಯನ್ನು ಬರೆಯುವುದಿಲ್ಲ, 6 ಚಿಹ್ನೆ ಬರೆದು 18ಕ್ಕೆ ನಿಲ್ಲುತ್ತದೆ. ಉಳಿಯುವುದು 'ಗಜೇಂದ್'. ಚಿಹ್ನೆ ಒಡೆಯಲಿಲ್ಲ, ಅಕ್ಷರ ಒಡೆಯಿತು. ಇನ್ನೂ ಕೆಟ್ಟದ್ದು, ಕೊನೆಗೆ ಶೂನ್ಯವನ್ನೂ ಅದು ಹಾಕಿರುವುದಿಲ್ಲ. ಹಿಂತಿರುಗಿ ಬಂದ 18 ದೋಷವಲ್ಲ, ಸರಿಯಾದ ಉತ್ತರದಂತೆಯೇ ಕಾಣುತ್ತದೆ. ಮುಂದಿನ ಫಂಕ್ಷನ್ ಶೂನ್ಯ ಸಿಗುವವರೆಗೆ ನೆರೆಯ ಮೆಮೊರಿಯನ್ನೂ ಓದುತ್ತ ಹೋಗುತ್ತದೆ. ಇದೇ ಕೆಲಸಕ್ಕೆ ವಿಂಡೋಸ್‌ನಲ್ಲಿರುವ ವೈಡ್‌ಕ್ಯಾರ್‌ಟುಮಲ್ಟಿಬೈಟ್ ಈ ವಿಷಯದಲ್ಲಿ ಮೇಲು: ಜಾಗ ಸಾಲದಿದ್ದರೆ 0 ಕೊಟ್ಟು ದೋಷ ಸಂಖ್ಯೆ 122 ಹೇಳುತ್ತದೆ.

ಈ ಕತ್ತರಿಗಿಂತ ಅಪಾಯದ ತಪ್ಪು ಇನ್ನೊಂದಿದೆ, ಅದನ್ನು ಬಿಡಿಸಿ ಹೇಳಲೇಬೇಕು. ಹೊಸದಾಗಿ ಸಿ ಕಲಿತವರು ವೈಡ್ ಸ್ಟ್ರಿಂಗಿನ ಉದ್ದ ಎಣಿಸಿ, 1 ಕೂಡಿಸಿ, ಅಷ್ಟು ಬೈಟನ್ನು ಮೆಮೊರಿ ಕೊಡುವ ಮ್ಯಾಲಾಕ್‌ನಿಂದ ಕೇಳುತ್ತಾರೆ. ಇಂಗ್ಲಿಷಿಗೆ ಇದು ಸರಿ. ಕನ್ನಡಕ್ಕೆ ಬಂದರೆ ರೋಣಕ್ಕೆ 4, ನರಗುಂದಕ್ಕೆ 7, ಗಜೇಂದ್ರಗಡಕ್ಕೆ 10 ಬೈಟು ಕೇಳಿದಂತಾಯಿತು. ಬೇಕಾದದ್ದು 10, 19, 28. ಮೂರೂ ತಪ್ಪು. ಆದರೆ 64 ಬಿಟ್ ಲಿನಕ್ಸ್‌ನ ಸಿ ಲೈಬ್ರರಿಯಾದ ಗ್ಲಿಬ್‌ಸಿ ಎಷ್ಟೇ ಕಡಿಮೆ ಕೇಳಿದರೂ ಬಳಸಲು ಬರುವಂಥ 24 ಬೈಟಿನ ತುಂಡನ್ನೇ ಕೊಡುತ್ತದೆ. ಹಾಗಾಗಿ ರೋಣ ಪಾರಾಗುತ್ತದೆ, ನರಗುಂದವೂ ಪಾರಾಗುತ್ತದೆ. ಗಜೇಂದ್ರಗಡದ ಮೊದಲ 8 ಚಿಹ್ನೆಗಳು 24 ಬೈಟಿನಲ್ಲಿ ಕುಳಿತ ಮೇಲೆ ಕೊನೆಯ 'ಡ', ಅಂದರೆ 224, 178, 161, ಜೊತೆಗೆ ಶೂನ್ಯ, ಒಟ್ಟು 4 ಬೈಟು ಪಕ್ಕದ ತುಂಡಿನ ಅಳತೆ ಬರೆದಿಟ್ಟ ಜಾಗದ ಮೇಲೆ ಹೋಗಿ ಬೀಳುತ್ತವೆ. ಆ ಕ್ಷಣ ಏನೂ ಆಗುವುದಿಲ್ಲ, ಪರದೆಯ ಮೇಲೆ ಹೆಸರು ಪೂರ್ತಿಯಾಗಿಯೇ ಕಾಣುತ್ತದೆ. ಮುಂದೆ ಎಲ್ಲೋ, ಸಂಬಂಧವೇ ಇಲ್ಲದ ಜಾಗದಲ್ಲಿ ಮೆಮೊರಿ ಕೇಳಿದಾಗಲೋ ಬಿಟ್ಟುಕೊಟ್ಟಾಗಲೋ ಪ್ರೋಗ್ರಾಮು ಸಾಯುತ್ತದೆ. ಮೂರು ತಾಲ್ಲೂಕಿನ ಪೈಕಿ ಮೊದಲ ಎರಡರ ಹೆಸರು ಹಾಕಿ ಪರೀಕ್ಷೆ ಮಾಡಿದವರಿಗೆ ತಪ್ಪು ಸಿಗುವುದೇ ಇಲ್ಲ. ಪರೀಕ್ಷೆಗೆ ಗಿಡ್ಡ ಹೆಸರನ್ನು ಆರಿಸಬಾರದು ಎಂದು ನಾನು ಇಷ್ಟು ಒತ್ತಿ ಹೇಳುವುದು ಇದಕ್ಕೇ.

ಸರಿಯಾದ ದಾರಿ ಕಷ್ಟದ್ದಲ್ಲ. ಎರಡು ಸಲ ಕರೆಯಬೇಕು. ಮೊದಲ ಸಲ ಬರೆಯುವ ಜಾಗದಲ್ಲಿ ನಲ್ ಕೊಟ್ಟು "ಎಷ್ಟು ಬೇಕು?" ಎಂದು ಕೇಳಬೇಕು, ಬಂದ ಸಂಖ್ಯೆಗೆ 1 ಕೂಡಿಸಿ ಜಾಗ ಪಡೆದು ಎರಡನೆಯ ಸಲ ಬರೆಸಬೇಕು. ಡಬ್ಲ್ಯುಸಿಎಸ್‌ಟುಎಂಬಿಎಸ್‌ನಲ್ಲಿ ಹೀಗೆ ಕೇಳುವ ಸೌಲಭ್ಯ ಯುನಿಕ್ಸ್ ಬಗೆಯ ವ್ಯವಸ್ಥೆಗಳ ಮಾನಕವಾದ ಪಾಸಿಕ್ಸ್‌ನದು. 1995ರ ತಿದ್ದುಪಡಿಯಲ್ಲಿ ಬಂದ ಡಬ್ಲ್ಯುಸಿಎಸ್‌ಆರ್‌ಟುಎಂಬಿಎಸ್‌ನಲ್ಲಿ ಸಿ ಮಾನಕವೇ ಇದನ್ನು ಕೊಟ್ಟಿದೆ. ರೋಣಕ್ಕೆ ಇವು 9 ಎನ್ನುತ್ತವೆ. ವಿಂಡೋಸ್‌ನ ಫಂಕ್ಷನ್ನಿಗೆ ಉದ್ದದ ಜಾಗದಲ್ಲಿ -1 ಕೊಟ್ಟು ಕೇಳಿದರೆ ಶೂನ್ಯವನ್ನೂ ಸೇರಿಸಿ 10 ಎನ್ನುತ್ತದೆ. ಒಂದರ ಅಭ್ಯಾಸವನ್ನು ಇನ್ನೊಂದಕ್ಕೆ ಒಯ್ದರೆ 1 ಬೈಟು ಹೆಚ್ಚೋ ಕಡಿಮೆಯೋ ಆಗುತ್ತದೆ.

ಎರಡು ಸಲ ಕರೆಯುವುದು ಬೇಡವೆಂದರೆ ಗರಿಷ್ಠ ಲೆಕ್ಕ ಹಿಡಿಯಬಹುದು. ಒಂದು ಚಿಹ್ನೆಗೆ ಗರಿಷ್ಠ ಎಷ್ಟು ಬೈಟು ಎಂಬುದು ಎಂಬಿ ಕರ್ ಮ್ಯಾಕ್ಸ್ ಎಂಬ ಮೌಲ್ಯದಲ್ಲಿರುತ್ತದೆ. ಯುಟಿಎಫ್-8 ಲೊಕೇಲ್‌ನಲ್ಲಿ, ಅಂದರೆ ಪ್ರೋಗ್ರಾಮಿಗೆ ಹೇಳಿಟ್ಟ ಭಾಷೆ-ಸಂಕೇತಗಳ ಹೊಂದಿಕೆ ಯುಟಿಎಫ್-8 ಆಗಿದ್ದಾಗ, ಗ್ಲಿಬ್‌ಸಿ ಅದನ್ನು 6 ಎನ್ನುತ್ತದೆ. ಗಜೇಂದ್ರಗಡಕ್ಕೆ 9 ಗುಣಿಸು 6, ಕೂಡಿಸು 1, ಅಂದರೆ 55 ಬೈಟು. ನಿಜಕ್ಕೂ ಬೇಕಾದದ್ದು 28. ಅರ್ಧಕ್ಕರ್ಧ ವ್ಯರ್ಥ, ಆದರೆ ಸುರಕ್ಷಿತ. "ನಮಗೆ ಕನ್ನಡ ಮಾತ್ರ, 3ರಿಂದ ಗುಣಿಸಿದರೆ ಸಾಕು" ಎನ್ನುವವರು ನೆನಪಿಡಬೇಕಾದದ್ದು: 2024ರ ಸೆಪ್ಟೆಂಬರಿನ ಯುನಿಕೋಡ್ 16ರಲ್ಲಿ ತುಳು-ತಿಗಳಾರಿ ಲಿಪಿ ಸೇರಿದೆ, ಅದರ ಪ್ರತಿ ಚಿಹ್ನೆಗೂ ಯುಟಿಎಫ್-8ರಲ್ಲಿ 4 ಬೈಟು. ಲಿನಕ್ಸ್‌ನಲ್ಲಿ 3ರ ಗುಣಾಕಾರ ಅಲ್ಲಿಗೆ ಸಾಲದು.

ಜಾಗ ಸರಿಯಿದ್ದರೂ ಲೊಕೇಲ್ ತಪ್ಪಿದರೆ ಕೆಲಸ ಕೆಡುತ್ತದೆ. ಸಿ ಪ್ರೋಗ್ರಾಮು ಶುರುವಾಗುವುದು 'ಸಿ' ಎಂಬ ಲೊಕೇಲ್‌ನಲ್ಲಿ. ಸೆಟ್‌ಲೊಕೇಲ್ ಕರೆಯದೆ ರೋಣವನ್ನು ಬದಲಿಸಲು ಹೋದರೆ ಲಿನಕ್ಸ್‌ನಲ್ಲಿ ದೋಷ ಸಂಖ್ಯೆ 84, ಹಿಂತಿರುಗುವ ಮೌಲ್ಯ -1. ಆದರೆ ಆ ಮೌಲ್ಯದ ಜಾತಿ ಋಣಸಂಖ್ಯೆ ಹಿಡಿಯದ್ದು, ಹಾಗಾಗಿ 64 ಬಿಟ್ ಯಂತ್ರದಲ್ಲಿ ಅದು 18446744073709551615 ಆಗಿ ಕಾಣುತ್ತದೆ. ನೋಡದೆ ಅದಕ್ಕೆ 1 ಕೂಡಿಸಿದರೆ ಉತ್ತರ 0. ಶೂನ್ಯ ಬೈಟಿನ ಜಾಗ ಕೇಳಿದ ಹಾಗಾಯಿತು, ಮತ್ತು ಗ್ಲಿಬ್‌ಸಿ ಅದನ್ನೂ ಕೊಡುತ್ತದೆ. ವಿಂಡೋಸ್‌ನಲ್ಲಿ ಕನ್ನಡಕ್ಕೆ ಹಳೆಯ ಬಗೆಯ 8 ಬಿಟ್ ಕೋಡ್‌ಪೇಜು ಇರಲೇ ಇಲ್ಲ. ಇಸ್ಕಿ ಕನ್ನಡಕ್ಕೆಂದು 57008 ಎಂಬ ಸಂಖ್ಯೆ ಮಾತ್ರ ಇದೆ. ಯುಟಿಎಫ್-8ರ 65001 ಹೇಳದೆ ಪಶ್ಚಿಮ ಯುರೋಪಿನ 1252ರಲ್ಲೇ ಬದಲಿಸಿದರೆ ಪ್ರತಿ ಚಿಹ್ನೆಗೂ ಒಂದು ಪ್ರಶ್ನಾರ್ಥಕ: ರೋಣಕ್ಕೆ 3, ನರಗುಂದಕ್ಕೆ 6, ಗಜೇಂದ್ರಗಡಕ್ಕೆ 9. ರಸೀದಿಗಳಲ್ಲಿ, ಚೀಟಿಗಳಲ್ಲಿ ಸಾಲುಸಾಲು ಪ್ರಶ್ನಾರ್ಥಕಗಳನ್ನು ಕನ್ನಡಿಗರು ಬೇಕಾದಷ್ಟು ಕಂಡಿದ್ದಾರೆ. ಅವುಗಳಿಂದ ಹೆಸರನ್ನು ಮರಳಿ ಪಡೆಯಲಾಗದು, ಎಷ್ಟು ಚಿಹ್ನೆ ಕಳೆದುಹೋಯಿತು ಎಂಬುದನ್ನು ಮಾತ್ರ ಎಣಿಸಬಹುದು.

ರೋಣ ಗಿಡ್ಡ ಹೆಸರಾದರೂ ಅದರಲ್ಲೊಂದು ತೊಡಕಿದೆ. 'ೋ' ಎಂಬ ಸ್ವರಚಿಹ್ನೆಯನ್ನು ಯುನಿಕೋಡ್ ಒಂದೇ ಸಂಖ್ಯೆಯಾಗಿಯೂ ಒಪ್ಪುತ್ತದೆ, ಮೂರು ಬಿಡಿ ಭಾಗಗಳಾಗಿಯೂ ಒಪ್ಪುತ್ತದೆ. ಸಾಮಾನ್ಯ ಕೀಲಿಮಣೆಯಲ್ಲಿ ಬರುವುದು ಒಂದೇ ಸಂಖ್ಯೆ. ಆಪಲ್‌ನ ಹಳೆಯ ಎಚ್‌ಎಫ್‌ಎಸ್ ಪ್ಲಸ್ ಕಡತ ವ್ಯವಸ್ಥೆ ಕಡತದ ಹೆಸರನ್ನು ಬಿಡಿಸಿ ಇಡುತ್ತಿತ್ತು. ಬಿಡಿಸಿದಾಗ ರೋಣ 3ರಿಂದ 5 ಚಿಹ್ನೆಗೆ, 9ರಿಂದ 15 ಬೈಟಿಗೆ ಏರುತ್ತದೆ. ನರಗುಂದ ಹಾಗೇ 18ರಲ್ಲಿ ಉಳಿಯುತ್ತದೆ, ಅದರಲ್ಲಿ ಬಿಡಿಸಿ ಬರೆಯುವಂಥದ್ದೇನೂ ಇಲ್ಲ. ಗಜೇಂದ್ರಗಡ 'ೇ'ಯಿಂದಾಗಿ 30. ನರಗುಂದ ತಾಲ್ಲೂಕಿನ ಶಿರೋಳ 15ರಿಂದ 21ಕ್ಕೆ, ಕೊಣ್ಣೂರ 21ರಿಂದ 24ಕ್ಕೆ. ಗದಗ ಜಿಲ್ಲೆಯಿಂದ ಬಂದ ಭೀಮಸೇನ ಜೋಶಿಯವರ ಹೆಸರು, ನಡುವಿನ ಖಾಲಿ ಜಾಗ ಸೇರಿ, 31 ಬೈಟು. ಶೂನ್ಯ ಹಾಕಿ 32ರ ಬಫರಿನಲ್ಲಿ ಕರಾರುವಾಕ್ಕಾಗಿ ಕೂರುತ್ತದೆ. ಬಿಡಿಸಿದ ರೂಪದಲ್ಲಿ ಅದೇ ಹೆಸರು 43. ಡಬ್ಲ್ಯುಸಿಎಸ್‌ಟುಎಂಬಿಎಸ್ ಈ ಎರಡು ರೂಪಗಳನ್ನು ಒಂದಾಗಿಸುವುದಿಲ್ಲ, ಬಂದದ್ದನ್ನು ಬಂದ ಹಾಗೆ ಬದಲಿಸುತ್ತದೆ. 9 ಬೈಟಿನ ರೋಣ, 15 ಬೈಟಿನ ರೋಣ ಕಣ್ಣಿಗೆ ಒಂದೇ, ಬೈಟು ಹೋಲಿಸುವ ಹುಡುಕಾಟಕ್ಕೆ ಎರಡು ಬೇರೆ ಊರು. ಬದಲಿಸುವ ಮೊದಲೇ ಕೂಡಿದ ರೂಪಕ್ಕೆ ತರಬೇಕು.

ಅಂಕಿಗಳಿಗೂ ಇದೇ ಲೆಕ್ಕ. 15-08-1947 ಎಂಬ ತಾರೀಖು 10 ಬೈಟು. ೧೫-೦೮-೧೯೪೭ ಎಂದು ಕನ್ನಡ ಅಂಕಿಯಲ್ಲಿ ಬರೆದರೆ 26. ಉದ್ದದ ಮಿತಿಗಳಿಗೂ ಅಷ್ಟೆ: ಕಡತದ ಹೆಸರಿಗೆ ಲಿನಕ್ಸ್‌ನ ಮಿತಿ 255 ಬೈಟು, ಅಂದರೆ 85 ಕನ್ನಡ ಚಿಹ್ನೆ. ವಿಂಡೋಸ್‌ನ ಎನ್‌ಟಿಎಫ್‌ಎಸ್‌ನಲ್ಲಿ ಮಿತಿ 255 ವೈಡ್ ಘಟಕ, ಅಷ್ಟೂ ಕನ್ನಡ ಚಿಹ್ನೆಗೇ ಸಿಗುತ್ತದೆ. ಅಲ್ಲಿ ನೆಟ್ಟಗಿದ್ದ ಉದ್ದ ಹೆಸರಿನ ಕಡತವನ್ನು ಲಿನಕ್ಸ್‌ನಲ್ಲಿ ಅದೇ ಹೆಸರಿನಿಂದ ಉಳಿಸಲಾಗದು. ಕನ್ನಡ ಎಸ್‌ಎಂಎಸ್ ಯುನಿಕೋಡಿನಲ್ಲಿ ಹೋದರೆ ಒಂದಕ್ಕೆ 70 ಚಿಹ್ನೆ, ಹಲವು ತುಂಡುಗಳಾದರೆ ತುಂಡಿಗೆ 67. ಇಂಗ್ಲಿಷಿಗೆ 160 ಮತ್ತು 153. ಒಂದು ಇಲಾಖೆ ಮೂರೂ ತಾಲ್ಲೂಕಿನ ಹೆಸರನ್ನು ಅಲ್ಪವಿರಾಮ, ಖಾಲಿ ಜಾಗಗಳೊಂದಿಗೆ ಒಂದೇ ಸಂದೇಶದಲ್ಲಿ ಬರೆದರೆ 22 ಚಿಹ್ನೆ ಅಲ್ಲಿಗೇ ಮುಗಿದು ಉಳಿದ ಮಾತಿಗೆ 48 ಸಿಗುತ್ತದೆ.

ಈ ಲೆಕ್ಕ ಪ್ರೋಗ್ರಾಮು ಬರೆಯುವವರಿಗಿಂತ ಮೊದಲು, ಬರೆಸುವವರ ಕೈಗೆ ಸಿಗಬೇಕು. ತಂತ್ರಾಂಶಕ್ಕೆ ಟೆಂಡರ್ ಕರೆಯುವಾಗ "ಗ್ರಾಮದ ಹೆಸರು: 30 ಅಕ್ಷರ" ಎಂದು ಬರೆದರೆ ಗುತ್ತಿಗೆದಾರ ಅದನ್ನು 30 ಬೈಟು ಎಂದು ಓದಬಹುದು. 30 ಬೈಟಿನಲ್ಲಿ 10 ಚಿಹ್ನೆ. ಗಜೇಂದ್ರಗಡದ ಪಕ್ಕದ ಕಾಲಕಾಲೇಶ್ವರ 11 ಚಿಹ್ನೆ, 33 ಬೈಟು. ನರಗುಂದದ ಪಕ್ಕದ ಚಿಕ್ಕನರಗುಂದವೂ 33. ಎರಡೂ ಕತ್ತರಿಗೆ ಸಿಗುತ್ತವೆ. ಬಾಯಲ್ಲಿ ಹೇಳುವ 30 ಅಕ್ಷರವೇ ಬೇಕೆಂದರೆ ನಮ್ಮ ಮೂರು ಊರುಗಳ ಸರಾಸರಿಯಲ್ಲಿ, ಅಂದರೆ ಅಕ್ಷರಕ್ಕೆ 4.9 ಬೈಟಿನಂತೆ, 147 ಬೈಟು ಬೇಕು. 'ಸ್ತ್ರೀ'ಯಂಥ ಅಕ್ಷರ ಒಂದಕ್ಕೇ 18 ಬೈಟು. 30 ಅಕ್ಷರವೂ ಅಂಥವೇ ಆದರೆ 540. ಆದ್ದರಿಂದ ಟೆಂಡರಿನಲ್ಲಿ ಬೈಟು ಎಂದೇ ಬರೆಯಲಿ: ಊರ ಹೆಸರಿಗೆ 160, ಯುಟಿಎಫ್-8, ಕೂಡಿದ ರೂಪ. ಪರೀಕ್ಷೆಯ ಪಟ್ಟಿಯಲ್ಲಿ ರೋಣದ ಎರಡೂ ರೂಪ, ಗಜೇಂದ್ರಗಡ, ಕಾಲಕಾಲೇಶ್ವರ, ಚಿಕ್ಕನರಗುಂದ ಇರಲಿ. ಐದೂ ಒಳಹೋಗಿ ಪೂರ್ತಿಯಾಗಿ ಹೊರಬಂದ ಮೇಲೆಯೇ ಬಿಲ್ಲು ಪಾಸಾಗಲಿ.