ಸಂಬಳದ ಮಾತು, ಕೆಲಸಕ್ಕೆ ಸೇರುವ ಮುನ್ನ

ಅಡಿಕೆ ಮಾರಲು ಹೊರಟ ನಮ್ಮ ಕೃಷಿಕರು ಪತ್ರಿಕೆಯಲ್ಲಿ ಧಾರಣೆ ನೋಡದೆ ಮನೆಯ ಮೆಟ್ಟಿಲಿಳಿಯುವುದಿಲ್ಲ. ಹೊಸತು, ಹಳತು, ಪಟೋರ, ಕರಿಗೋಟು ಎಂದು ಒಂದೊಂದಕ್ಕೂ ಬೇರೆ ಬೇರೆ ಕ್ರಯ ವಿಚಾರಿಸಿ, ಕಿಲೋಗೆ ನಾಲ್ಕು ರೂಪಾಯಿ ಹೆಚ್ಚು ಸಿಗುವುದಾದರೆ ಬದಿಯಡ್ಕ ಬಿಟ್ಟು ಪುತ್ತೂರಿಗೂ ಕೊಂಡೊಯ್ಯುವವರಿದ್ದಾರೆ. ಅದೇ ಮನೆಯ ಮಗನಿಗೋ ಮಗಳಿಗೋ ಮಂಗಳೂರಿನಿಂದ ಸಂದರ್ಶನದ ಕರೆ ಬಂದಾಗ ಮಾತ್ರ ಹಿರಿಯರ ಬುದ್ಧಿವಾದ ಬೇರೆ: "ಸಂಬಳದ ಮಾತು ನೀನಾಗಿ ಎತ್ತಬೇಡ. ಅವರು ಕೊಟ್ಟಷ್ಟು ಕೊಡಲಿ, ಮೊದಲು ಒಳಗೆ ಸೇರಿಕೋ."

ಈ ಸಂಕೋಚಕ್ಕೆ ಕಾರಣವಿಲ್ಲದಿಲ್ಲ. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿದಂದಿನಿಂದ ಇಲ್ಲಿನ ಕನ್ನಡಿಗರಿಗೆ ಉದ್ಯೋಗವೆಂದರೆ ಯಾವಾಗಲೂ ಇನ್ನೊಬ್ಬರ ಬಾಗಿಲು. ತೆಂಕಿಗೆ ಹೋದರೆ "ಮಲೆಯಾಳ ಬರೆಯಲು ಬರುತ್ತದೆಯೇ?" ಎಂಬ ಪ್ರಶ್ನೆ, ಬಡಗಿಗೆ ಹೋದರೆ "ನೀವು ಕೇರಳದವರಲ್ಲವೇ?" ಎಂಬ ಪ್ರಶ್ನೆ. ಎರಡು ಕಡೆಯೂ ತಲೆತಗ್ಗಿಸಿ ನಿಂತು ಅಭ್ಯಾಸವಾದವರಿಗೆ ಕೆಲಸ ಸಿಕ್ಕಿದ್ದೇ ದೊಡ್ಡ ಉಪಕಾರವೆಂದು ತೋರಿದರೆ ಆಶ್ಚರ್ಯವಿಲ್ಲ. ಆದರೆ ಉಪಕಾರವೆಂದು ತಿಳಿದು ಸೇರಿದ ಕೆಲಸದಲ್ಲಿ ಮತ್ತೆ ಏನನ್ನೂ ಕೇಳಲಾಗುವುದಿಲ್ಲ. ಕೇಳಬೇಕಾದ್ದನ್ನು ಕೇಳುವ ಹೊತ್ತು ಸೇರುವ ಮೊದಲಿನದು.

ನಮ್ಮ ನೆರೆಯ ಯುವತಿಯೊಬ್ಬಳ ಸಂಗತಿಯನ್ನೇ ನೋಡೋಣ. ಎಂ.ಕಾಂ. ಮುಗಿಸಿ ಮಂಗಳೂರಿನ ಖಾಸಗಿ ಕಚೇರಿಯೊಂದಕ್ಕೆ ಲೆಕ್ಕಪತ್ರದ ಕೆಲಸಕ್ಕೆ ಸೇರಿದಳು. ವರ್ಷಕ್ಕೆ 3 ಲಕ್ಷ 60 ಸಾವಿರ ಎಂದಿದ್ದರು. ತಿಂಗಳಿಗೆ 30,000 ಎಂದು ಮನೆಯಲ್ಲಿ ಪಾಯಸವಾಯಿತು. ತಿಂಗಳ ಕೊನೆಗೆ ಕೈಗೆ ಬಂದದ್ದು 22,679. ಯಾರೂ ಮೋಸ ಮಾಡಿರಲಿಲ್ಲ, ಹೇಳಿದ್ದು ಸಿ.ಟಿ.ಸಿ., ಅಂದರೆ ಆ ನೌಕರಳಿಗಾಗಿ ಕಂಪೆನಿಗೆ ತಗಲುವ ಒಟ್ಟು ಖರ್ಚು. ಅದರಲ್ಲಿ ಮೂಲ ವೇತನ 15,000. ಅದರ ನೂರಕ್ಕೆ 12ರಂತೆ ಕಂಪೆನಿಯ ಪಾಲಿನ ಪ್ರಾವಿಡೆಂಟ್ ಫಂಡ್ 1,800, ಗ್ರಾಚ್ಯುಯಿಟಿಯ ಬಾಬ್ತು 721, ವರ್ಷಾಂತ್ಯಕ್ಕೆ ಕೆಲಸ ನೋಡಿ ಕೊಡುವ ಮೊತ್ತವೆಂದು 3,000 – ಇಷ್ಟು ಬದಿಗೆ ಸರಿದು ಉಳಿದ 24,479ರಲ್ಲಿ ಆಕೆಯದೇ ಪಾಲಿನ ಪಿ.ಎಫ್. 1,800 ಕಡಿತ. ಪಿ.ಎಫ್. ಹಣವೇನೋ ಆಕೆಯದೇ ಉಳಿತಾಯ. ಆದರೆ ಗ್ರಾಚ್ಯುಯಿಟಿ ಕಾಯಂ ನೌಕರರಿಗೆ ಐದು ವರ್ಷ ದುಡಿದ ಮೇಲಿನ ಮಾತು. ವರ್ಷಾಂತ್ಯದ 36,000 ಬರಲೂಬಹುದು, ಬರದಿರಲೂಬಹುದು. "ತಿಂಗಳ ಕೊನೆಗೆ ಕೈಗೆ ಬರುವುದೆಷ್ಟು?" ಎಂಬ ಒಂದು ಪ್ರಶ್ನೆಯನ್ನು ಸಂದರ್ಶನದ ದಿನ ಕೇಳಿದ್ದರೆ ಪಾಯಸಕ್ಕೆ ಬೆಲ್ಲ ಸ್ವಲ್ಪ ಕಡಿಮೆ ಹಾಕಬಹುದಿತ್ತು.

ಸಂಬಳಕ್ಕಿಂತಲೂ ಆಕೆಯನ್ನು ದಣಿಸಿದ್ದು ಭಾಷೆ. ನಮ್ಮದು ಸಪ್ತಭಾಷೆಗಳ ಊರು ಎಂದು ಸಭೆಗಳಲ್ಲಿ ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. ಆಕೆಗೆ ಕನ್ನಡ, ತುಳು, ಮಲೆಯಾಳ, ಇಂಗ್ಲಿಷ್ ನಾಲ್ಕೂ ಸರಾಗ, ಹಿಂದಿಯೂ ಸಾಕಷ್ಟು. ಇದು ಗೊತ್ತಾದ ವಾರದೊಳಗೆ ಕಾಸರಗೋಡು, ಕಣ್ಣೂರು ಕಡೆಯ ಗಿರಾಕಿಗಳ ಫೋನುಗಳೆಲ್ಲ ಆಕೆಯ ಮೇಜಿಗೆ ಬರತೊಡಗಿದವು. ಮಲೆಯಾಳದ ಪತ್ರಗಳನ್ನು ಇಂಗ್ಲಿಷಿಗೆ ಮಾಡಿಕೊಡುವುದೂ ಆಕೆಯೇ. ಲೆಕ್ಕದ ಕೆಲಸ ಸಂಜೆಗೆ ಉಳಿಯಿತು. ಐದೂವರೆಯ ರೈಲು ತಪ್ಪಿತು. ರಾತ್ರಿ ಒಂಬತ್ತಕ್ಕೆ ಮನೆಯಲ್ಲಿ ಊಟಕ್ಕೆ ಕುಳಿತಾಗಲೂ ವಾಟ್ಸಪ್: "ಇದೊಂದು ಸ್ವಲ್ಪ ಕೇಳಿ ಹೇಳಮ್ಮಾ." ಸಂಬಳ ಹೆಚ್ಚಿಸುವ ಮಾತು ಬಂದಾಗ, "ಭಾಷೆ ನಿಮಗೆ ಮನೆಯಿಂದಲೇ ಬಂದದ್ದಲ್ಲವೇ, ಅದಕ್ಕೇನು ಬೇರೆ ಕೊಡುವುದು?" ಎಂದರಂತೆ.

ಅಡಿಕೆಯೂ ಮನೆಯ ತೋಟದ್ದೇ. ಅದನ್ನು ಯಾರೂ ಧರ್ಮಕ್ಕೆ ಕೊಡುವುದಿಲ್ಲ. ಕೇರಳ ಪಿ.ಎಸ್.ಸಿ.ಯೇ ನಮ್ಮ ಜಿಲ್ಲೆಗೆ ಕನ್ನಡ ಮತ್ತು ಮಲೆಯಾಳ ಎರಡೂ ಬಲ್ಲ ಕ್ಲಾರ್ಕುಗಳೆಂದು ಪ್ರತ್ಯೇಕವಾಗಿ ಅರ್ಜಿ ಕರೆದದ್ದುಂಟು. ಸರಕಾರ ಅರ್ಹತೆಯೆಂದು ಒಪ್ಪಿದ್ದು ಖಾಸಗಿ ಕಚೇರಿಯಲ್ಲಿ ಬಿಟ್ಟಿ ಚಾಕರಿಯಾಗಬೇಕಾಗಿಲ್ಲ. ನಮ್ಮ ಮಕ್ಕಳು ಅರ್ಜಿಯ ಕೊನೆಯಲ್ಲಿ "ತಿಳಿದ ಭಾಷೆಗಳು" ಎಂದು ಒಂದು ಸಾಲು ಬರೆದು ಸುಮ್ಮನಾಗುತ್ತಾರೆ. ಆ ಸಾಲು ಮೇಲೆ ಬರಬೇಕು. ಯಾವ ಭಾಷೆಯಲ್ಲಿ ಮಾತಾಡಬಲ್ಲೆ, ಯಾವುದನ್ನು ಓದಿ ಬರೆಯಬಲ್ಲೆ ಎಂಬುದೂ ಬಿಡಿಸಿ ಇರಬೇಕು. ಸಂದರ್ಶನದಲ್ಲಿ, "ಈ ಕೆಲಸಕ್ಕೆ ಮಲೆಯಾಳ ಬೇಕಾಗುವುದೇ? ದಿನಕ್ಕೆ ಎಷ್ಟು ಹೊತ್ತು?" ಎಂದು ವಿನಯದಿಂದಲೇ ಕೇಳಬಹುದು. ಬೇಕೆಂದರೆ ಅದು ಸಂಬಳದ ಲೆಕ್ಕಕ್ಕೆ ಬರಬೇಕು. ಬೇಡವೆಂದರೆ ಮುಂದೆ ಫೋನು ಬಂದಾಗ ನೆನಪಿಸಲು ಒಂದು ಆಧಾರ ಸಿಕ್ಕಿತು.

ಎಷ್ಟು ಕೇಳಬೇಕು? ಇಪ್ಪತ್ತು ವರ್ಷದ ಹಿಂದೆ ನಿವೃತ್ತರಾದ ಮಾವನವರನ್ನು ಕೇಳಿ ಪ್ರಯೋಜನವಿಲ್ಲ. ಕಳೆದ ಒಂದೆರಡು ವರ್ಷದಲ್ಲಿ ಅಂಥದೇ ಕೆಲಸಕ್ಕೆ ಸೇರಿದ ಮೂರು ನಾಲ್ಕು ಮಂದಿಯನ್ನು ವಿಚಾರಿಸಬೇಕು. ಕಾಲೇಜಿನ ಹಿರಿಯ ವಿದ್ಯಾರ್ಥಿಗಳು ಇದಕ್ಕೆ ಒಳ್ಳೆಯವರು. ರೈಲಿನ ಸೀಸನ್ ಟಿಕೇಟು, ಬೆಂಗಳೂರಾದರೆ ಕೋಣೆಯ ಬಾಡಿಗೆ ಮತ್ತು ಮುಂಗಡ, ಊಟ – ಇವನ್ನು ಕೂಡಿಸಿ ಇದಕ್ಕಿಂತ ಕೆಳಗೆ ಆಗದು ಎಂಬ ಒಂದು ಅಂಕೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಹೋಗಬೇಕು. ಆ ಅಂಕೆಯನ್ನು ಬಾಯಿ ಬಿಟ್ಟು ಹೇಳಬಾರದು. "ಈ ಹುದ್ದೆಗೆ ತಾವು ಎಷ್ಟರಿಂದ ಎಷ್ಟರ ವರೆಗೆ ಇಟ್ಟಿದ್ದೀರಿ?" ಎಂದು ಮೊದಲು ಅವರನ್ನೇ ಕೇಳಿದರೆ ಯಾರೂ ಸಿಟ್ಟಾಗುವುದಿಲ್ಲ. ನಮ್ಮ ಅಂಕೆ ಹೇಳಲೇಬೇಕಾಗಿ ಬಂದರೆ ಹೇಳಿ ಸುಮ್ಮನೆ ಕೂರಬೇಕು. "ಸ್ವಲ್ಪ ಕಡಿಮೆಯಾದರೂ ಅಡ್ಡಿಯಿಲ್ಲ" ಎಂಬ ಬಾಲಂಗೋಚಿಯನ್ನು ನಮ್ಮವರು ತಾವಾಗಿ ಅಂಟಿಸಿಬಿಡುತ್ತಾರೆ. ಹಿಂದಿನ ಸಂಬಳದ ಬಗ್ಗೆ ಸುಳ್ಳು ಹೇಳುವುದು ಬೇಡ. ಸಂಬಳದ ಚೀಟಿ ಕೇಳುವುದು ಈಗ ಸಾಮಾನ್ಯ.

ಒಪ್ಪಿದ್ದೆಲ್ಲ ಕಾಗದಕ್ಕೆ ಬರಬೇಕು. 2025ರ ನವೆಂಬರ್ 21ರಂದು ಜಾರಿಗೆ ಬಂದ ಕೇಂದ್ರದ ಕಾರ್ಮಿಕ ಸಂಹಿತೆಗಳಲ್ಲಿ ನೇಮಕ ಪತ್ರ ಕೊಡಬೇಕೆಂಬ ನಿಯಮವಿದೆ. ಕೆಲಸ ಬಿಟ್ಟವರ ಬಾಕಿ ವೇತನವನ್ನು ಎರಡು ಕೆಲಸದ ದಿನಗಳೊಳಗೆ ಕೊಡಬೇಕೆಂದೂ ಇದೆ. ಹೊಸ ಪತ್ರ ಕೈಗೆ ಬರುವವರೆಗೆ ಹಳೆಯ ಕೆಲಸಕ್ಕೆ ರಾಜೀನಾಮೆ ಕೊಡುವುದು, "ನಾಳೆಯಿಂದ ಬನ್ನಿ" ಎಂಬ ಬಾಯಿಮಾತನ್ನು ನಂಬಿ ಹೊರಡುವುದು ಎರಡೂ ಅಪಾಯ. ಸೇರುವಾಗ ಎಸ್.ಎಸ್.ಎಲ್.ಸಿ. ಪುಸ್ತಕದಿಂದ ಪದವಿ ಪತ್ರದ ವರೆಗೆ ಮೂಲ ಪ್ರತಿಗಳನ್ನೇ ಇಟ್ಟುಕೊಳ್ಳುವ ಕಚೇರಿಗಳಿವೆ. ಮೂಲವನ್ನು ತೋರಿಸಿ, ಸಹಿ ಹಾಕಿದ ನಕಲನ್ನು ಕೊಟ್ಟು, ಮೂಲವನ್ನು ಅಲ್ಲಿಯೇ ಹಿಂದಕ್ಕೆ ಪಡೆಯಬೇಕು. ಇಷ್ಟು ವರ್ಷ ಬಿಟ್ಟು ಹೋಗಬಾರದೆಂಬ ಕರಾರು ಇದ್ದರೆ ಅದನ್ನು ಲಘುವಾಗಿ ಕಾಣುವಂತಿಲ್ಲ. ಸಾರ್ವಜನಿಕ ರಂಗದ ಬ್ಯಾಂಕೊಂದರ ಇಂತಹ ಶರತ್ತನ್ನು – ಮೂರು ವರ್ಷಕ್ಕೆ ಮೊದಲು ಬಿಟ್ಟರೆ 2 ಲಕ್ಷ ರೂಪಾಯಿ – ಸುಪ್ರೀಂ ಕೋರ್ಟು 2025ರ ಮೇ ತಿಂಗಳಲ್ಲಿ ಎತ್ತಿ ಹಿಡಿದಿದೆ. ಕೆಲಸ ಕೊಡಿಸಲು ಮೊದಲೇ ಹಣ ಕೇಳುವವರ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ, ಎದ್ದು ಬರುವುದು.

ಹೆಣ್ಣುಮಕ್ಕಳಿಗೆ "ಮದುವೆ ಯಾವಾಗ?" ಎಂದು ಇಂದಿಗೂ ಕೇಳುವವರಿದ್ದಾರೆ. "ಕೆಲಸಕ್ಕೆ ಅದರಿಂದ ಅಡ್ಡಿಯಾಗದು, ಸರ್" ಎಂದು ಹೇಳಿ ಮಾತನ್ನು ಹುದ್ದೆಯ ಕಡೆಗೆ ತಿರುಗಿಸಿದರೆ ಸಾಕು. ಅಪ್ಪನೋ ಅಣ್ಣನೋ ಜತೆಗೆ ಒಳಗೆ ಹೋಗಿ ಸಂಬಳ ಮಾತಾಡುವ ಪದ್ಧತಿ ಮಾತ್ರ ನಿಲ್ಲಬೇಕು. ಬಂದವರು ಹೊರಗೆ ಚಹಾ ಕುಡಿಯುತ್ತಿರಲಿ.

ನೆರೆಯ ಯುವತಿ ಎರಡನೆಯ ಬಾರಿ ಕೆಲಸ ಹುಡುಕುವಾಗ ಒಂದು ಉಪಾಯ ಮಾಡಿದಳು. ಹಳೆಯ ಕಚೇರಿಯಲ್ಲಿ ಒಂದು ತಿಂಗಳು ತಾನು ಮಾಡಿದ ಮಲೆಯಾಳದ ಪತ್ರಗಳೆಷ್ಟು, ಫೋನುಗಳೆಷ್ಟು, ಸಂಜೆ ಆರರ ನಂತರ ಬಂದವೆಷ್ಟು ಎಂದು ಡೈರಿಯಲ್ಲಿ ಗುರುತು ಹಾಕಿದಳು. ಗಿರಾಕಿಗಳ ಹೆಸರಿಲ್ಲ, ಬರೀ ಎಣಿಕೆ. ಹೊಸ ಕಚೇರಿಯವರು ಅಂಕೆ ಹೇಳಿದಾಗ ಆ ಎಣಿಕೆಯನ್ನು ಮುಂದಿಟ್ಟು, "ಇದೂ ನನ್ನ ಕೆಲಸವಾಗುವುದಾದರೆ ಇಷ್ಟಾಗಬೇಕು" ಎಂದಳು. ಮೊದಲು ನಕ್ಕರಂತೆ. ಮೂರನೆಯ ದಿನ ಫೋನು ಮಾಡಿ ತಿಂಗಳಿಗೆ 2,500 ಹೆಚ್ಚಿಸಲು ಒಪ್ಪಿದರು. ಕೆಲಸದ ಹೊತ್ತು ಒಂಬತ್ತೂವರೆಯಿಂದ ಐದೂವರೆ ಎಂದು ಪತ್ರದಲ್ಲೇ ಬಂದಿದೆ. ಶನಿವಾರದ ರಜೆಯ ವಿಷಯ ಮಾತ್ರ ಇತ್ಯರ್ಥವಾಗಿಲ್ಲ. ಆರು ತಿಂಗಳು ಕಳೆಯಲಿ, ನೋಡೋಣ ಎಂದಿದ್ದಾರೆ. ಆ ಮಾತನ್ನೂ ಬರೆದುಕೊಡಿ ಎಂದು ಆಕೆ ಕೇಳಿದ್ದಾಳೆ.