ಅಪ್ಪನ ಬುಲೆಟ್, ನನ್ನ ಫುಟ್‌ಬೋರ್ಡ್

ಮೆಕ್ಯಾನಿಕಲ್ ಎಂಜಿನಿಯರಿಂಗ್ ಮುಗಿಸಿ ಹತ್ತು ತಿಂಗಳು ಮನೆಯಲ್ಲೇ ಇದ್ದೆ. ನಮ್ಮೂರಿನವರಿಗೆ ಮೆಕ್ಯಾನಿಕಲ್ ಅಂದರೆ ಮೆಕ್ಯಾನಿಕ್. 'ನಮ್ಮ ಗಾಡಿ ಸ್ವಲ್ಪ ನೋಡಪ್ಪ' ಅನ್ನುವವರೇ ಎಲ್ಲ. ಸ್ಪ್ಯಾನರ್ ಹಿಡಿದು ಅಭ್ಯಾಸವಿಲ್ಲ ಅಂತ ಹೇಳೋಕೆ ನಾಚಿಕೆ.

ಅಷ್ಟರಲ್ಲಿ ಅಪ್ಪನ ಮಂಡಿನೋವು ಜೋರಾಯಿತು. ಅವರದ್ದು ಹಳೇ ಬುಲೆಟ್. ಗೇರ್ ಬಲಗಾಲಿಗೆ, ಬ್ರೇಕ್ ಎಡಗಾಲಿಗೆ ಇರುವ ಕಾಲದ್ದು. ಚಿಕ್ಕ ಫುಟ್‌ರೆಸ್ಟ್ ಮೇಲೆ ಕಾಲು ಮಡಚಿಟ್ಟು ಅರ್ಧ ಗಂಟೆ ಓಡಿಸಿದರೆ ಇಳಿಯುವಾಗ ಮುಖ ಕಿವುಚುತ್ತಿದ್ದರು. ಬೆಂಗಳೂರಿನಲ್ಲಿ ಇಂಟರ್‌ವ್ಯೂ ಮುಗಿಸಿ (ಅದರ ಕಥೆ ಬೇಡ) ಬರುವಾಗ ಜೆ.ಸಿ. ರಸ್ತೆಯಲ್ಲಿ ಒಂದು ಜೊತೆ ಫುಟ್‌ಬೋರ್ಡ್ ತಂದೆ. ಪಾದ ಪೂರ್ತಿ ಊರಬಹುದು, ಹಿಂದೆ ಮುಂದೆ ಸರಿಸಬಹುದು. ಅರ್ಧ ದಿನ ಒದ್ದಾಡಿ ನಾನೇ ಕೂರಿಸಿದೆ. ಅಂಗಳದಲ್ಲಿ ಬ್ರೇಕ್ ಒತ್ತಿ ನೋಡಿದೆ, ಹಿಡಿಯಿತು. ಅಪ್ಪ ಬೆನ್ನು ತಟ್ಟಿದರು. ಹತ್ತು ತಿಂಗಳಲ್ಲಿ ಅದೇ ಮೊದಲು.

ಮುಂದಿನ ಭಾನುವಾರ ಮೂಡಿಗೆರೆಯಿಂದ ಧರ್ಮಸ್ಥಳಕ್ಕೆ ಹೊರಟೆವು. ಅಪ್ಪ ಮುಂದೆ, ನಾನು ಹಿಂದೆ. ಕೊಟ್ಟಿಗೆಹಾರ ದಾಟಿ ಚಾರ್ಮಾಡಿ ಘಾಟಿ ಇಳಿಯುವಾಗ ಎಡಕ್ಕೆ ವಾಲಿದ ಒಂದು ತಿರುವಿನಲ್ಲಿ 'ಕರ್ರ್' ಅಂತ ಶಬ್ದ. ಬೋರ್ಡಿನ ಅಂಚು ರಸ್ತೆಗೆ ತಾಗಿ ಗಾಡಿ ಒಮ್ಮೆ ಎಗರಿತು. ಇನ್ನೆರಡು ತಿರುವು ಕಳೆದಿರಬೇಕು, ಎದುರಿಗೆ ಬಸ್ಸು. ಅಪ್ಪ ಬ್ರೇಕ್ ಒತ್ತಿದರು, ಗಾಡಿ ನಿಧಾನವಾಗಲಿಲ್ಲ. ಗೇರ್ ಇಳಿಸಿ, ಮುಂದಿನ ಬ್ರೇಕ್ ಹಿಡಿದು ಹೇಗೋ ತಡೆಗೋಡೆ ಪಕ್ಕ ನಿಲ್ಲಿಸಿದರು. 'ಪೆಡಲ್ ಎಲ್ಲೋ ತಾಗ್ತಿದೆ ಕಣೋ' ಅಂದರು, ಅಷ್ಟೇ. ಬೈದಿದ್ದರೆ ವಾಸಿಯಿತ್ತು.

ಮೆಲ್ಲಗೆ ಇಳಿದು ಉಜಿರೆ ಸೇರಿದೆವು. ಅಲ್ಲಿನ ಮೆಕ್ಯಾನಿಕ್ ಬಗ್ಗಿ ನೋಡಿ ನಕ್ಕರು. 'ಎಂತ ಮಾರಾಯ, ಬ್ರೇಕಿನ ದಾರಿಗೇ ಅಡ್ಡ ಇಟ್ಟಿದ್ದಿಯಲ್ಲ!'

ಪೆಡಲ್ ಪೂರ್ತಿ ಕೆಳಗಿಳಿಯುವ ಮೊದಲೇ ಬೋರ್ಡಿನ ತುದಿಗೆ ಬಡಿಯುತ್ತಿತ್ತು. ಹಾಗಾದರೆ ಅಂಗಳದಲ್ಲಿ ಹಿಡಿದದ್ದು ಹೇಗೆ? ಹಿಂದಿನದು ಡ್ರಮ್ ಬ್ರೇಕ್. ಇಳಿಜಾರಿನಲ್ಲಿ ಮತ್ತೆ ಮತ್ತೆ ಒತ್ತಿದಾಗ ಡ್ರಮ್ ಕಾದು ಹಿಗ್ಗುತ್ತದೆ, ಒಳಗಿನ ಶೂ ಅದನ್ನು ಮುಟ್ಟಲು ಪೆಡಲ್ ಇನ್ನಷ್ಟು ಕೆಳಗೆ ಹೋಗಬೇಕು. ತಣ್ಣಗಿದ್ದಾಗ ಸಾಕಾಗುತ್ತಿದ್ದ ಜಾಗ ಘಾಟಿಯಲ್ಲಿ ಸಾಕಾಗಲಿಲ್ಲ. ಶಾಖಕ್ಕೆ ಲೋಹ ಹಿಗ್ಗುವುದನ್ನು ಪರೀಕ್ಷೆಯಲ್ಲಿ ಬರೆದು ಅಂಕ ತೆಗೆದುಕೊಂಡವನು ನಾನು!

ಎರಡನೇ ತಪ್ಪು ಕೀಲಿನದು. ನೆಲಕ್ಕೆ ತಾಗಿದರೆ ಬೋರ್ಡ್ ಮೇಲಕ್ಕೆ ಮಡಚಿಕೊಳ್ಳಬೇಕು. ಅಲುಗಾಡಬಾರದು ಅಂತ ನಾನು ಅದರ ಬೋಲ್ಟನ್ನೇ ಜಡಿದು ಬಿಗಿದಿದ್ದೆ. ಮಡಚದಿದ್ದರೆ ಅದು ಸನ್ನೆಗೋಲಿನಂತೆ ಚಕ್ರವನ್ನೇ ನೆಲದಿಂದ ಎತ್ತಬಲ್ಲದು. ಎಗರಿದ್ದು ಅದಕ್ಕೇ. ಇನ್ನೊಂದು ಬದಿಯಲ್ಲಿ ಸ್ಪ್ಲಿಟ್ ಪಿನ್ ಕಳೆದುಹೋಗಿ ತಂತಿ ಸುತ್ತಿದ್ದೆ. ಅದನ್ನು ಕಿತ್ತು ಅವರು ನನ್ನ ಕೈಗೇ ಕೊಟ್ಟರು.

ಡ್ರಮ್ ಆರುವವರೆಗೆ ಕಾಯಿಸಿದರು. ಬಿಸಿಯಲ್ಲೇ ಅಡ್ಜಸ್ಟ್ ಮಾಡಿದರೆ ಆರಿದ ಮೇಲೆ ಚಕ್ರ ಹಿಡಿದುಕೊಳ್ಳುತ್ತದಂತೆ. ಆಮೇಲೆ ಬೋರ್ಡನ್ನು ಎರಡು ಬೆರಳಷ್ಟು ಹಿಂದಕ್ಕೆ ಸರಿಸಿ, ಬ್ರೇಕ್ ರಾಡಿನ ನಟ್ ತಿರುವಿ, ಸೆಂಟರ್ ಸ್ಟ್ಯಾಂಡ್ ಹಾಕಿ ಚಕ್ರ ತಿರುಗಿಸಿ ನೋಡಿದರು. ಬ್ರೇಕ್ ಲೈಟ್ ಹತ್ತಿ ಆರುವುದನ್ನೂ ನೋಡಿದರು. ನೀವೂ ಫುಟ್‌ರೆಸ್ಟ್ ಬದಲಿಸುವುದಿದ್ದರೆ ದಿನಾ ಹಾಕುವ ಚಪ್ಪಲಿ, ಶೂನಲ್ಲೇ ಕುಳಿತು ಪೆಡಲನ್ನು ತಳದವರೆಗೆ ತುಳಿದು ನೋಡಿ. ರಾಡಿನ ನಟ್ ಸಡಿಲಿಸಿದರೆ ಅದು ಪೂರ್ತಿ ಇಳಿಯುತ್ತದೆ. ಅಲ್ಲೂ ಬೋರ್ಡಿಗೆ ತಾಗಬಾರದು. ಆಮೇಲೆ ನಟ್ ಮೊದಲಿನಂತೆ ಬಿಗಿಯಲು ಮರೆಯಬೇಡಿ. ಬುಲೆಟ್ಟಿನ ನಡುಕಕ್ಕೆ ಬೋಲ್ಟುಗಳು ಸಡಿಲವಾಗುತ್ತವೆ, ನೂರು ಕಿಲೋಮೀಟರ್ ಓಡಿಸಿ ಇನ್ನೊಮ್ಮೆ ಸ್ಪ್ಯಾನರ್ ಹಾಕಿ.

ಈಗಲೂ ಅಪ್ಪ ಬೆಳಿಗ್ಗೆ ಕಿಕ್ ಹೊಡೆಯುವ ಮೊದಲು ಎಡಗಾಲಿನ ಭಾರವನ್ನೆಲ್ಲ ಬ್ರೇಕಿನ ಮೇಲೆ ಹಾಕಿ, ಬಗ್ಗಿ ನೋಡುತ್ತಾರೆ. ಮೊದಮೊದಲು ಕಿಟಕಿಯಿಂದ ನೋಡಿ ಅವಮಾನವಾಗುತ್ತಿತ್ತು. ಈಗ ನಾನೇ ಹೋಗಿ ಪೆಡಲ್‌ಗೂ ಬೋರ್ಡಿಗೂ ನಡುವೆ ಬೆರಳಿಟ್ಟು ತೋರಿಸುತ್ತೇನೆ. ಆಮೇಲೆಯೇ ಅವರು ಗಾಡಿ ಸ್ಟಾರ್ಟ್ ಮಾಡುವುದು.