ಟೈನ್ ತೀರದ ಜಾರ್ಡಿ ನುಡಿ: ಸ್ವರೂಪ ಮತ್ತು ಸ್ಥಿತಿ

ಇಂಗ್ಲಿಷನ್ನು ಪಠ್ಯಪುಸ್ತಕಗಳ ಮೂಲಕ ಕಲಿತ ನಮ್ಮ ವಿದ್ಯಾರ್ಥಿಗಳಲ್ಲಿ, ಲಂಡನ್ನಿನ ವಿದ್ಯಾವಂತರು ಆಡುವುದೇ ಶುದ್ಧವಾದ ಇಂಗ್ಲಿಷ್, ಉಳಿದ ಪ್ರಾಂತಗಳ ನುಡಿಗಳೆಲ್ಲ ಅದರ ಅಪಭ್ರಂಶಗಳು ಎಂಬ ಭಾವನೆ ಸಾಮಾನ್ಯವಾಗಿದೆ. ಈ ಭಾವನೆಗೆ ಭಾಷಾಶಾಸ್ತ್ರದ ಆಧಾರವಿಲ್ಲ. ಇಂಗ್ಲೆಂಡಿನ ಈಶಾನ್ಯ ಭಾಗದಲ್ಲಿ ಬಳಕೆಯಲ್ಲಿರುವ ‘ಜಾರ್ಡಿ’ ಎಂಬ ಉಪಭಾಷೆ ಇದಕ್ಕೆ ಒಳ್ಳೆಯ ನಿದರ್ಶನ. ಆ ನುಡಿಯ ಸ್ವರೂಪ, ಅದನ್ನು ಆಡುವ ಜನರಿಗೆ ಅದರಲ್ಲಿರುವ ಅಭಿಮಾನ, ಆ ಅಭಿಮಾನಕ್ಕೂ ನುಡಿಯ ಉಳಿವಿಗೂ ಇರುವ ಸಂಬಂಧ, ಈ ಮೂರು ವಿಷಯಗಳನ್ನು ಇಲ್ಲಿ ಸಂಗ್ರಹವಾಗಿ ಪರಿಶೀಲಿಸಬಹುದು.

ಟೈನ್ ನದಿಯ ಉತ್ತರದ ದಡದಲ್ಲಿ ನ್ಯೂಕಾಸಲ್ ನಗರವೂ ದಕ್ಷಿಣದ ದಡದಲ್ಲಿ ಗೇಟ್ಸ್‌ಹೆಡ್ ಪಟ್ಟಣವೂ ಇವೆ. ಇವೆರಡನ್ನೂ, ಅಲ್ಲಿಂದ ನದೀಮುಖದವರೆಗಿನ ಊರುಗಳನ್ನೂ ಒಳಗೊಂಡ ಪ್ರದೇಶವೇ ಮುಖ್ಯವಾಗಿ ಜಾರ್ಡಿಗಳ ನಾಡು. ‘ಜಾರ್ಡಿ’ ಎಂಬುದು ಜಾರ್ಜ್ ಎಂಬ ಹೆಸರಿನ ಸಲಿಗೆಯ ರೂಪ. ಅದು ಒಂದು ಜನತೆಯ ಹೆಸರಾದ ಬಗೆಯನ್ನು ಕುರಿತು ಭಿನ್ನಾಭಿಪ್ರಾಯಗಳಿವೆ. ೧೭೪೫ರ ಜಾಕೊಬೈಟ್ ದಂಗೆಯಲ್ಲಿ ನ್ಯೂಕಾಸಲ್ ನಗರವು ದೊರೆ ಎರಡನೆಯ ಜಾರ್ಜನ ಪಕ್ಷವನ್ನು ವಹಿಸಿದುದೇ ಇದಕ್ಕೆ ಕಾರಣವೆಂದು ಕೆಲವರು ಹೇಳುತ್ತಾರೆ. ಜಾರ್ಜ್ ಸ್ಟೀಫನ್‌ಸನ್ ೧೮೧೫ರಲ್ಲಿ ರೂಪಿಸಿದ ಗಣಿಯ ಸುರಕ್ಷಾದೀಪಕ್ಕೆ ಗಣಿಗಾರರು ‘ಜಾರ್ಡಿ’ ಎಂದು ಹೆಸರಿಟ್ಟಿದ್ದರು. ಅದರಿಂದಲೇ ಈ ಶಬ್ದ ಹರಡಿತೆಂದು ಮತ್ತೆ ಕೆಲವರ ಮತ. ಹತ್ತೊಂಬತ್ತನೆಯ ಶತಮಾನದಲ್ಲಿ ಅದು ಕಲ್ಲಿದ್ದಲ ಗಣಿಯ ಕೆಲಸಗಾರನನ್ನು ಸೂಚಿಸುತ್ತಿತ್ತೆಂಬುದಂತೂ ನಿಶ್ಚಿತ. ಸಮೀಪದ ಸಂಡರ್ಲೆಂಡ್ ನಗರದವರನ್ನು ಜಾರ್ಡಿಗಳೆಂದು ಕರೆದರೆ ಅವರು ಒಪ್ಪುವುದಿಲ್ಲ, ಅವರು ‘ಮ್ಯಾಕೆಮ್’ಗಳು. ಹೊರಗಿನವರ ಕಿವಿಗೆ ಒಂದೇ ಎನಿಸುವ ಈ ಎರಡು ನುಡಿಗಳ ಅಂತರ ಆ ಜನರಿಗೆ ಬಹು ದೊಡ್ಡದು.

ಈ ಉಪಭಾಷೆಯ ಮೂಲ, ಐದು ಆರನೆಯ ಶತಮಾನಗಳಿಂದ ಬ್ರಿಟನ್ನಿನ ಈ ಭಾಗದಲ್ಲಿ ನೆಲೆಸಿದ ಆಂಗಲ್ ಜನರ ಭಾಷೆಯಲ್ಲಿದೆ. ಅವರು ಕಟ್ಟಿದ ನಾರ್ತಂಬ್ರಿಯಾ ರಾಜ್ಯದಲ್ಲಿ, ಟೈನ್ ನದೀಮುಖದ ಬಳಿಯ ಜಾರೋ ಮಠದಲ್ಲಿದ್ದುಕೊಂಡು ಬೀಡ್ ಎಂಬ ವಿದ್ವಾಂಸ ಲ್ಯಾಟಿನ್ನಿನಲ್ಲಿ ಆಂಗ್ಲರ ಧರ್ಮಚರಿತ್ರೆಯನ್ನು ಬರೆದು ೭೩೫ರಲ್ಲಿ ತೀರಿಕೊಂಡನು. ಪ್ರಾಚೀನ ಇಂಗ್ಲಿಷಿನಲ್ಲಿ ಮನೆಗೆ ‘ಹೂಸ್’ ಎಂದೂ ಬೇಲಿ ಹಾಕಿದ ನೆಲೆಗೆ ‘ಟೂನ್’ ಎಂದೂ ಹೇಳುತ್ತಿದ್ದರು. ಸುಮಾರು ೧೪೦೦ರಿಂದ ೧೭೦೦ರವರೆಗಿನ ಅವಧಿಯಲ್ಲಿ ಇಂಗ್ಲಿಷಿನ ದೀರ್ಘಸ್ವರಗಳೆಲ್ಲ ಸ್ಥಾನಪಲ್ಲಟ ಹೊಂದಿದುವು. ದಕ್ಷಿಣದಲ್ಲಿ ‘ಹೂಸ್’ ಎಂಬುದು ‘ಹೌಸ್’ ಆಯಿತು. ‘ಟೂನ್’ ಎಂಬುದು ‘ಟೌನ್’ ಆಯಿತು. ಉತ್ತರದಲ್ಲಿ ಈ ಊಕಾರ ಚಲಿಸಲಿಲ್ಲ. ಆದುದರಿಂದ ಸ್ಕಾಟರಂತೆ ಜಾರ್ಡಿಗಳಲ್ಲೂ ‘ಹೂಸ್’, ‘ಟೂನ್’ ಎಂಬ ಉಚ್ಚಾರಣೆಗಳು ಉಳಿದು ಬಂದುವು. ‘ಹೋಮ್’ ಎಂಬ ಶಬ್ದದ ಪ್ರಾಚೀನ ರೂಪ ‘ಹಾಮ್’. ಅದರ ಆಕಾರ ದಕ್ಷಿಣದಲ್ಲಿ ಓಕಾರವಾಯಿತು; ಉತ್ತರದಲ್ಲಿ ಬೇರೊಂದು ದಾರಿ ಹಿಡಿದು ಟೈನ್ ತೀರದಲ್ಲಿ ‘ಹ್ಯೆಮ್’ ಆಯಿತು. ಹೀಗಿರುವಾಗ, ಊಕಾರವನ್ನು ಬದಲಿಸಿದವರನ್ನು ಶುದ್ಧರೆಂದೂ ಅದನ್ನು ಉಳಿಸಿಕೊಂಡವರನ್ನು ಕೆಡಿಸಿದವರೆಂದೂ ಹೇಳುವುದು ಹೇಗೆ?

ಶಬ್ದಕೋಶ ವ್ಯಾಕರಣಗಳಲ್ಲಿಯೂ ಇದೇ ಸಂಗತಿ ಕಂಡುಬರುತ್ತದೆ. ಮಗುವಿಗೆ ‘ಬೇರ್ನ್’, ಹೋಗುವುದಕ್ಕೆ ‘ಗ್ಯಾನ್’, ಮರದ ಸೀಳಿಗೆ ‘ಸ್ಪೆಲ್ಕ್’ ಎಂಬ ಮಾತುಗಳು ಪ್ರಾಚೀನ ಇಂಗ್ಲಿಷಿನಿಂದ ಬಂದವು. ‘ಲಾರ್ನ್’ ಎಂದರೆ ಕಲಿಯುವುದು ಮಾತ್ರವಲ್ಲ, ಕಲಿಸುವುದೂ ಹೌದು. ಒಬ್ಬನೇ ಮಾತನಾಡುವಾಗಲೂ ತನ್ನವರನ್ನು ‘ವೋರ್’ ಎಂಬ ಬಹುವಚನದ ಸರ್ವನಾಮದಿಂದ ಸೂಚಿಸುವುದುಂಟು. ‘ನಮ್ಮ ತಾಯಿ’, ‘ನಮ್ಮ ಹುಡುಗ’ ಎನ್ನುವ ಕನ್ನಡಿಗನಿಗೆ ಇದು ವಿಚಿತ್ರವಾಗಿ ತೋರಲಾರದು. ಶಿಷ್ಟ ಇಂಗ್ಲಿಷ್ ಮಧ್ಯಮ ಪುರುಷದಲ್ಲಿ ವಚನಭೇದವನ್ನು ಕಳೆದುಕೊಂಡಿದೆ. ಟೈನ್ ತೀರದ ನುಡಿಯಲ್ಲಿ ಏಕವಚನಕ್ಕೆ ‘ಯೀ’, ಬಹುವಚನಕ್ಕೆ ‘ಯೂಸ್’ ಎಂಬ ರೂಪಗಳಿವೆ. ಎರಡನೆಯದು ಹತ್ತೊಂಬತ್ತನೆಯ ಶತಮಾನದಲ್ಲಿ ಕೆಲಸವನ್ನರಸಿ ಬಂದ ಐರಿಷರಿಂದ ಬಂದಿರಬೇಕೆಂದು ಪಂಡಿತರ ಊಹೆ. ಆದುದರಿಂದ ಈ ನುಡಿ ಹಳೆಯದನ್ನು ಕಾದಿಟ್ಟ ಉಗ್ರಾಣ ಮಾತ್ರವಲ್ಲ. ಹೊಸದನ್ನೂ ತನ್ನದಾಗಿಸಿಕೊಂಡು ಬೆಳೆದದ್ದು.

ಹಾಗೆ ಬೆಳೆಸಿದ್ದು ದುಡಿಮೆ. ಗಣಿಯ ಕೆಲಸಗಾರರಲ್ಲಿ ‘ಪಿಟ್‌ಮ್ಯಾಟಿಕ್’ ಎಂಬ ಪ್ರತ್ಯೇಕ ನುಡಿಯೇ ರೂಪುಗೊಂಡಿತು. ಗಣಿಯಲ್ಲಿ ಜೊತೆಗೆ ದುಡಿಯುವವನು ‘ಮ್ಯಾರಾ’. ಆ ಮಾತಿನಲ್ಲಿ ಸ್ನೇಹವೂ ಪ್ರಾಣದ ಹೊಣೆಯೂ ಸೇರಿದ್ದುವು. ದುಡಿಯುವವರ ಮನರಂಜನೆಗಾಗಿ ಹುಟ್ಟಿದ ಸಂಗೀತಶಾಲೆಗಳಲ್ಲಿ ಈ ನುಡಿಯ ಹಾಡುಗಳು ಮೆರೆದುವು. ಬಾಲ್ಯದಲ್ಲಿಯೇ ಗಣಿಗೆ ಇಳಿದಿದ್ದ ಜಾರ್ಜ್ ರಿಡ್ಲಿ ೧೮೬೨ರಲ್ಲಿ ‘ಬ್ಲೇಡನ್ ರೇಸಸ್’ ಎಂಬ ಹಾಡನ್ನು ಕಟ್ಟಿ ಎರಡೇ ವರ್ಷಗಳಲ್ಲಿ ತೀರಿಕೊಂಡನು. ನ್ಯೂಕಾಸಲ್ಲಿನ ಕಾಲ್ಚೆಂಡಿನ ಪಂದ್ಯಗಳಲ್ಲಿ ಸಾವಿರಾರು ಕಂಠಗಳು ಇಂದಿಗೂ ಅದನ್ನು ಹಾಡುತ್ತವೆ.

ಆದರೆ ಅಭಿಮಾನದ ಗುರುತುಗಳು ಕಾಲಕಾಲಕ್ಕೆ ಬದಲಾಗುತ್ತವೆಂಬುದನ್ನು ಇಲ್ಲಿ ಗಮನಿಸಬೇಕು. ೧೭೨೦ರ ದಶಕದಲ್ಲಿ ಡೇನಿಯಲ್ ಡಿಫೋ ತನ್ನ ಪ್ರವಾಸಗ್ರಂಥದಲ್ಲಿ, ರೇಫವನ್ನು ಗಂಟಲಿನಿಂದ ಹೊರಡಿಸುವುದು ನಾರ್ತಂಬರ್ಲೆಂಡಿನವರ ಲಕ್ಷಣವೆಂದೂ ಅದರಲ್ಲಿ ಅವರಿಗೆ ಹೆಮ್ಮೆಯೆಂದೂ ಬರೆದಿದ್ದಾನೆ. ಆ ರೇಫ ನಗರದಲ್ಲಿ ಅಳಿದುಹೋಗಿದೆ. ಹಳ್ಳಿಗಾಡಿನ ಕೆಲವು ವೃದ್ಧರಲ್ಲಿ ಮಾತ್ರ ಉಳಿದಿದೆ. ಅದು ಅಳಿದರೂ ಜಾರ್ಡಿಯ ಅಭಿಮಾನ ಅಳಿಯಲಿಲ್ಲ. ‘ಟೂನ್’, ‘ಹೌವೇ’, ‘ಕ್ಯಾನಿ’ ಮುಂತಾದ ಬೇರೆ ಗುರುತುಗಳನ್ನು ಹಿಡಿಯಿತು. ಸ್ಕಾಟ್ ಡಾಬ್ಸನ್ನನ ‘ಲಾರ್ನ್ ಯರ್ಸೆಲ್ ಜಾರ್ಡಿ’ ಎಂಬ ವಿನೋದದ ಪುಸ್ತಿಕೆ ೧೯೬೯ರಲ್ಲಿ ಪ್ರಕಟವಾಗಿ ಜನಪ್ರಿಯವಾಯಿತು. ಇಂದು ಈ ಮಾತುಗಳು ಅಂಗಿಗಳ ಮೇಲೆಯೂ ಚಹದ ಬಟ್ಟಲುಗಳ ಮೇಲೆಯೂ ಅಚ್ಚಾಗಿ ಮಾರಾಟವಾಗುತ್ತಿವೆ.

ಇದೇ ಕಾಲದಲ್ಲಿ ನುಡಿಯ ಆಧಾರ ಸಡಿಲವಾಗುತ್ತ ಬಂದಿತು. ಹಡಗುಕಟ್ಟೆಗಳು ಒಂದೊಂದಾಗಿ ಮುಚ್ಚಿದುವು. ಈಶಾನ್ಯ ಇಂಗ್ಲೆಂಡಿನ ಕೊನೆಯ ಆಳದ ಕಲ್ಲಿದ್ದಲ ಗಣಿಯಾದ ಎಲಿಂಗ್ಟನ್ ೨೦೦೫ರಲ್ಲಿ ಮುಚ್ಚಿತು. ಗಣಿಯೊಡನೆ ಗಣಿಯ ಸಾಧನಗಳ ಹೆಸರುಗಳೂ ನೇಪಥ್ಯಕ್ಕೆ ಸರಿದುವು. ೧೯೯೦ರ ದಶಕದಲ್ಲಿ ನ್ಯೂಕಾಸಲ್ ವಿಶ್ವವಿದ್ಯಾಲಯದ ವಿದ್ವಾಂಸರು ಧ್ವನಿಮುದ್ರಣಗಳನ್ನು ಪರೀಕ್ಷಿಸಿದಾಗ ಒಂದು ವಿಶೇಷ ಕಂಡುಬಂದಿತು. ‘ಫೇಸ್’, ‘ಗೋಟ್’ ಎಂಬಂಥ ಶಬ್ದಗಳಲ್ಲಿ ‘ಫಿಅಸ್’, ‘ಗುಅಟ್’ ಎಂದು ಕೇಳುತ್ತಿದ್ದ ಸ್ಥಳೀಯ ಸಂಯುಕ್ತ ಸ್ವರಗಳನ್ನು ತರುಣರು, ಅದರಲ್ಲಿಯೂ ಮಧ್ಯಮವರ್ಗದವರು, ಬಿಡುತ್ತಿದ್ದರು. ಆದರೆ ಅವರು ಲಂಡನ್ನಿನ ಸ್ವರಗಳನ್ನೂ ಸ್ವೀಕರಿಸಲಿಲ್ಲ. ಉತ್ತರ ಇಂಗ್ಲೆಂಡಿಗೆಲ್ಲ ಸಾಮಾನ್ಯವಾದ ಶುದ್ಧ ದೀರ್ಘಸ್ವರಗಳನ್ನು ಹಿಡಿದರು. ಉತ್ತರದವರೆಂಬ ಭಾವನೆ ಉಳಿಯಿತು, ಟೈನ್ ತೀರದ ವಿಶಿಷ್ಟ ಧ್ವನಿ ತೆಳುವಾಯಿತು.

ಈ ನುಡಿಯ ಸಂಗ್ರಹಕಾರ್ಯ ದೀರ್ಘವಾದುದು. ಆಲಿವರ್ ಹೆಸ್ಲಾಪನ ‘ನಾರ್ತಂಬರ್ಲೆಂಡ್ ವರ್ಡ್ಸ್’ ಎಂಬ ಕೋಶ ೧೮೯೨ರಿಂದ ೧೮೯೪ರವರೆಗೆ ಪ್ರಕಟವಾಯಿತು. ಹೆರಾಲ್ಡ್ ಆರ್ಟನ್ನರು ೧೯೫೦ರಿಂದ ೧೯೬೧ರವರೆಗೆ ೩೧೩ ಊರುಗಳಲ್ಲಿ ನಡೆಸಿದ ಇಂಗ್ಲಿಷ್ ಉಪಭಾಷೆಗಳ ಸರ್ವೇಕ್ಷಣೆ ಮುಖ್ಯವಾಗಿ ಹಳ್ಳಿಗಳ ವೃದ್ಧರನ್ನು ಆಶ್ರಯಿಸಿತ್ತು. ನಗರದ ಕಾರ್ಮಿಕರ ನುಡಿಗೆ ಅಲ್ಲಿ ಎಡೆ ಕಡಿಮೆ. ಆ ಕೊರತೆಯನ್ನು ತುಂಬಲು ಬಾರ್ಬರಾ ಸ್ಟ್ರಾಂಗ್ ಅವರ ನೇತೃತ್ವದಲ್ಲಿ ನ್ಯೂಕಾಸಲ್ ವಿಶ್ವವಿದ್ಯಾಲಯ ೧೯೬೦ರ ದಶಕದಲ್ಲಿ ಟೈನ್ ತೀರದ ಸರ್ವೇಕ್ಷಣೆಯನ್ನು ಆರಂಭಿಸಿತು. ಗೇಟ್ಸ್‌ಹೆಡ್ಡಿನ ಸಾಮಾನ್ಯ ಜನರು ತಮ್ಮ ಬಾಲ್ಯ, ಕೆಲಸ, ಮನೆಮಠಗಳನ್ನು ಕುರಿತು ಆಡಿದ ಆ ಮಾತುಗಳು ಈಗ ವಿದ್ಯುನ್ಮಾನ ಸಂಗ್ರಹವಾಗಿ ಸಂಶೋಧಕರಿಗೆ ದೊರೆಯುತ್ತಿವೆ.

ಲಾಂಛನವಾಗಿ ಉಳಿಯುವ ಹತ್ತಾರು ಮಾತುಗಳು ಬೇರೆ, ಬಾಳಿನ ಸಮಸ್ತ ವ್ಯವಹಾರವನ್ನು ನಡೆಸುವ ನುಡಿ ಬೇರೆ. ಮೊದಲನೆಯದು ಉತ್ಸವದಲ್ಲಿ ಉಳಿಯಬಲ್ಲದು. ಎರಡನೆಯದಕ್ಕೆ ಅದನ್ನು ಆಡುವ ಮನೆ, ಕೆಲಸ, ನೆರೆಹೊರೆ ಬೇಕು. ಹಾಗೆಂದು ಉತ್ಸವವನ್ನು ಹಗುರವಾಗಿ ಕಾಣಬೇಕಾಗಿಲ್ಲ. ತನ್ನ ಮಾತಿಗಾಗಿ ನಾಚುವ ಮಗು ಅದನ್ನು ಬೇಗನೆ ಬಿಟ್ಟುಬಿಡುತ್ತದೆ. ನಾಚಿಕೆಯನ್ನು ತೊಡೆಯುವ ಶಕ್ತಿ ಅಭಿಮಾನಕ್ಕಿದೆ. ಆ ಅಭಿಮಾನಕ್ಕೆ ತಿಳಿವಳಿಕೆಯ ಬೆಂಬಲ ಬೇಕು. ‘ಹೂಸ್’ ಎಂಬುದು ‘ಹೌಸ್’ ಶಬ್ದದ ತಪ್ಪು ಉಚ್ಚಾರಣೆಯಲ್ಲ, ಅದರ ಪೂರ್ವರೂಪ ಎಂಬಷ್ಟನ್ನು ತರಗತಿಯಲ್ಲಿ ವಿವರಿಸಿದರೆ, ಇಂಗ್ಲಿಷ್ ಭಾಷಾಚರಿತ್ರೆಯನ್ನು ಓದುವ ನಮ್ಮ ವಿದ್ಯಾರ್ಥಿಗೂ ಪಾಠ ಸ್ಪಷ್ಟವಾಗುವುದು.